ಸಬ್ಬಸಿಗೆಯಂತೆ ಕಂಡರೂ ಸೋಂಪು ಸೋಂಪೇ

ನಮ್ಮ ಟೆರೇಸಿಗೆ ಬಂದವರೆಲ್ಲ ಮೂಲೆಯ ಕುಂಡಗಳನ್ನು ನೋಡಿ, "ಸಬ್ಬಸಿಗೆ ಚೆನ್ನಾಗಿ ಬಂದಿದೆ ಅಲ್ವಾ?" ಅನ್ನುತ್ತಾರೆ. ಅದೇ ಕೂದಲಿನಂಥ ಎಲೆ, ಅದೇ ಹಸಿರು. ಒಂದೆಳೆ ಹೊಸಕಿ ಮೂಗಿನ ಹತ್ತಿರ ಹಿಡಿದರೆ ಮಾತ್ರ ಗೊತ್ತಾಗುತ್ತದೆ, ಇದು ಹೋಟೆಲಿನಲ್ಲಿ ಬಿಲ್ ಜೊತೆ ಕೊಡುವ ಸೋಂಪು ಅಂತ. ಎರಡೂ ಒಂದೇ ಬಳಗದವೇ. ಕೊತ್ತಂಬರಿ, ಜೀರಿಗೆ, ಓಮ, ಕ್ಯಾರೆಟ್ ಕೂಡ ಅದೇ ಬಳಗ. ಆದರೆ ಅಡುಗೆಮನೆಯಲ್ಲಿ ಇವೆರಡರ ದಾರಿ ಪೂರ್ತಿ ಬೇರೆ.

ಬೆಳೆಯುವುದು ಕಷ್ಟವಿಲ್ಲ. ಸಾಂಬಾರ ಡಬ್ಬದ ಕಾಳು ಹಳೆಯದಲ್ಲದಿದ್ದರೆ ಅದೇ ಮೊಳೆಯುತ್ತದೆ, ಸೊಪ್ಪು ಮತ್ತು ಕಾಳಿಗೆ ಅಷ್ಟು ಸಾಕು. ಬುಡ ದಪ್ಪಗಾಗುವ ಜಾತಿ ಬೇಕಿದ್ದರೆ 'ಫ್ಲಾರೆನ್ಸ್ ಫೆನೆಲ್' ಅಂತ ಕೇಳಿಯೇ ಬೀಜ ತರಬೇಕು. ಗಡ್ಡೆ ಅನ್ನುತ್ತೇವೆ, ಆದರೆ ಅದು ನವಿಲುಕೋಸಿನ ಹಾಗೆ ಮಣ್ಣಿನ ಮೇಲೆಯೇ ಊದಿಕೊಳ್ಳುತ್ತದೆ. ನಿಜವಾಗಿ ಅದು ಒಂದನ್ನೊಂದು ಅಪ್ಪಿ ಕುಳಿತ ಎಲೆಬುಡಗಳು.

ಬೆಂಗಳೂರಿನಲ್ಲಿ ಅಕ್ಟೋಬರ್ ಬಿತ್ತನೆಗೆ ಒಳ್ಳೆಯ ಕಾಲ. ಚಳಿಗಾಲವಿಡೀ ಬೆಳೆಯಲು ಸಿಗುತ್ತದೆ. ತಡಮಾಡಿದರೆ ಬಿಸಿಲೇರುತ್ತಿದ್ದಂತೆ ಬುಡ ದಪ್ಪಗಾಗುವ ಮೊದಲೇ ಹೂ ಬಿಟ್ಟುಬಿಡುತ್ತದೆ. ಬೇರು ನೇರ ಕೆಳಗಿಳಿಯುವುದರಿಂದ ಸಸಿ ಕಿತ್ತು ನೆಡುವ ಉಸಾಬರಿ ಬೇಡ. ಒಂದಡಿ ಆಳದ ಕುಂಡದಲ್ಲೇ ಬಿತ್ತಿ, ಒತ್ತಾಗಿ ಬಂದ ಸಸಿಗಳನ್ನು ಕಿತ್ತು ಸಾರಿಗೆ ಹಾಕಿ. ಮಣ್ಣು ಒಣಗಲು ಬಿಡಬೇಡಿ. ಬುಡ ಮೊಟ್ಟೆ ಗಾತ್ರಕ್ಕೆ ಬಂದಾಗ ಸುತ್ತ ಸ್ವಲ್ಪ ಮಣ್ಣು ಏರಿಸಿದರೆ ಬಿಳಿಯಾಗಿ, ಮೆತ್ತಗಿರುತ್ತದೆ.

ಇನ್ನು ಅಡುಗೆ. ಸಬ್ಬಸಿಗೆ ಅಕ್ಕಿರೊಟ್ಟಿಗೂ ಸೈ, ನುಚ್ಚಿನುಂಡೆಗೂ ಸೈ, ಅವರೆಕಾಳಿನ ಹುಳಿಗೂ ಸೈ. ಸೋಂಪಿನ ಸೊಪ್ಪನ್ನು ಹುಳಿಗೆ ಹಾಕಿದರೆ, ನನ್ನ ಬಾಯಿಗಂತೂ, ಊಟದ ಮಧ್ಯೆ ಯಾರೋ ಬೀಡಾ ಕೊಟ್ಟಂತಾಗುತ್ತದೆ. ಇದಕ್ಕೆ ಮಜ್ಜಿಗೆ, ನಿಂಬೆ, ಕಾಯಿ ಹೊಂದುತ್ತವೆ. ಖಾರದ ಪುಡಿ, ಹುಣಸೆಹಣ್ಣು ಬೇಡ.

ನಮ್ಮ ಅತ್ತೆ ಸಾಗರದ ಕಡೆಯವರು. ಹಿತ್ತಲಲ್ಲಿ ಕೈಗೆ ಸಿಕ್ಕ ಚಿಗುರಿಗೆಲ್ಲ ತಂಬುಳಿ ಮಾಡುವ ಊರು ಅದು. ಒಂದು ಹಿಡಿ ಎಳೆಯ ಸೋಂಪಿನ ಸೊಪ್ಪು, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ಇಷ್ಟನ್ನೂ ತುಪ್ಪದಲ್ಲಿ ಬಾಡಿಸಿದರು. ಕಾಯಿತುರಿ ಹಾಕಿ ನುಣ್ಣಗೆ ರುಬ್ಬಿ, ಕಡೆದ ಮಜ್ಜಿಗೆಗೆ ಬೆರೆಸಿ ಉಪ್ಪು ಹಾಕಿದರು. ಕೊನೆಗೆ ಸಾಸಿವೆ, ಒಣಮೆಣಸಿನ ಒಗ್ಗರಣೆ. ಕಲಸಿ ತಿಂದು, "ಅಡ್ಡಿಲ್ಲೆ ಮಾರಾಯ್ತಿ" ಅಂದರು. ಅವರ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಗಡ್ಡೆಗೆ ನನ್ನ ಆಯ್ಕೆ ಕೋಸಂಬರಿ. ಸೌತೆಕಾಯಿ ಬದಲು ಇದನ್ನು ಕಾಗದದಷ್ಟು ತೆಳ್ಳಗೆ ಹೆಚ್ಚಿ, ನೆನೆಸಿದ ಹೆಸರುಬೇಳೆ, ಕಾಯಿ, ನಿಂಬೆರಸ ಸೇರಿಸಿ. ಕರುಕುರು ಅನ್ನುತ್ತದೆ, ಬೇಗ ನೀರೂ ಬಿಡುವುದಿಲ್ಲ. ಸಿಸಿಲಿಯವರು ಇದನ್ನು ಕಿತ್ತಳೆ ಜೊತೆ ಹಸಿಯಾಗಿ ತಿನ್ನುತ್ತಾರೆ. ಕೊಡಗಿನ ಕಿತ್ತಳೆ ಸಿಗುವ ಕಾಲಕ್ಕೇ ನಮ್ಮ ಗಡ್ಡೆಯೂ ಬಲಿಯುವುದರಿಂದ ಅದನ್ನೂ ಮಾಡುತ್ತೇನೆ. ಉಪ್ಪು, ಕಾಳುಮೆಣಸಿನ ಪುಡಿ, ಒಂದಿಷ್ಟು ಆಲಿವ್ ಎಣ್ಣೆ, ಅಷ್ಟೇ. ಸೋಂಪಿನ ವಾಸನೆಯೇ ಆಗದವರು ಮನೆಯಲ್ಲಿದ್ದರೆ ದಪ್ಪ ಬಿಲ್ಲೆ ಮಾಡಿ ತುಪ್ಪದಲ್ಲಿ ಕೆಂಪಗೆ ಬೇಯಿಸಿ. ಘಾಟು ಇಳಿದು ಸಿಹಿ ಉಳಿಯುತ್ತದೆ. ನಮ್ಮ ಮಗ ತಿನ್ನುವುದು ಇದೊಂದನ್ನೇ.

ಗಡ್ಡೆಯನ್ನು ಬುಡಸಮೇತ ಕೀಳದೆ ಬೇರಿನ ಮೇಲೆ ಕೊಯ್ದರೆ ಪಕ್ಕದಿಂದ ಸಣ್ಣ ಚಿಗುರು ಬರುತ್ತದೆ, ತಂಬುಳಿಗೆ ಆಯಿತು. ಒಂದೆರಡು ಗಿಡವನ್ನು ಕಾಳಿಗೆ ಬಿಡಿ. ಹಳದಿ ಹೂವಿನ ಕೊಡೆಗೆ ಗಿಡಹೇನು ಮುತ್ತುತ್ತದೆ. ನೀರು ಜೋರಾಗಿ ಹಾಯಿಸಿದರೆ ಹೆಚ್ಚಿನವು ಉದುರುತ್ತವೆ. ಕಾಳನ್ನು ಹಸಿರಿರುವಾಗಲೇ ಕೊಯ್ದು ನೆರಳಲ್ಲಿ ಒಣಗಿಸಿದರೆ ಬಣ್ಣ ಉಳಿಯುತ್ತದೆ. ನಮ್ಮಲ್ಲಿ ಒಣಗಿಸುವವರೆಗೆ ಉಳಿದರೆ ತಾನೆ? ಅತ್ತೆ ಸಂಜೆ ಮೇಲೆ ಹೋಗಿ ಹಸಿ ಕಾಳು ಉದುರಿಸಿಕೊಂಡು ಬಂದು ಎಲೆಅಡಿಕೆಗೆ ಸೇರಿಸಿಕೊಳ್ಳುತ್ತಾರೆ.