1856ರ ಫೋಟೋ ಹಿಡಿದು ಹಂಪಿಗೆ

ಹಂಪಿಗೆ ಹೋದವರೆಲ್ಲ ಕಲ್ಲಿನ ರಥದ ಎದುರು ಒಂದು ಫೋಟೋ ತೆಗೆಸಿಕೊಳ್ಳುತ್ತಾರೆ. ಈ ಸಲ ನಾನು ಅದೇ ರಥದ 1856ರ ಫೋಟೋವನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಹೋದೆ. ತೆಗೆದವನು ಅಲೆಕ್ಸಾಂಡರ್ ಗ್ರೀನ್‌ಲಾ, ಮದ್ರಾಸ್ ಸೇನೆಯ ಅಧಿಕಾರಿ.

ಹೊಸಪೇಟೆಯಿಂದ ಆಟೋ, ವಿಠ್ಠಲ ದೇವಸ್ಥಾನಕ್ಕೆ ಬ್ಯಾಟರಿ ಗಾಡಿಯ ಕ್ಯೂ, ಸುಡು ಬಿಸಿಲು, ಇದೆಲ್ಲ ಗೊತ್ತಿದ್ದದ್ದೇ. ರಥದ ಮುಂದೆ ನಿಂತು ಹೋಲಿಸಿದೆ. ಹಳೇ ಫೋಟೋದಲ್ಲಿ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರ ಇದೆ! ಈಗ ಬೋಳು. 50 ರೂಪಾಯಿ ನೋಟಿನಲ್ಲಿ ಇರೋದೂ ಬೋಳು ರಥವೇ. ಅಸಲಿಗೆ ಇದು ಗರುಡನ ಗುಡಿ, ಗುಡಿ ಅಂದಮೇಲೆ ಶಿಖರ ಇರಬೇಕಲ್ವಾ? ಮುಂದಿನ ಆನೆಗಳೂ ಆಮೇಲೆ ತಂದಿಟ್ಟವು. ಅವುಗಳ ಹಿಂದೆ ಬಗ್ಗಿ ನೋಡಿದರೆ ಮೊದಲಿದ್ದ ಕುದುರೆಗಳ ಹಿಂಗಾಲು, ಬಾಲ ಕಾಣುತ್ತವೆ.

ಗ್ರೀನ್‌ಲಾ ಕಾಲಕ್ಕೆ ಫಿಲ್ಮ್ ಇರಲಿಲ್ಲ. ಕಾಗದಕ್ಕೆ ಮೇಣ ಹತ್ತಿಸಿ, ಬೆಳ್ಳಿಯ ಲವಣ ಕುಡಿಸಿ, ಕ್ಯಾಮೆರಾದೊಳಗಿಟ್ಟು ನಿಮಿಷಗಟ್ಟಲೆ ಲೆನ್ಸ್ ತೆರೆದಿಡಬೇಕು. ಪ್ರಿಂಟ್ ಎಷ್ಟು ದೊಡ್ಡದು ಬೇಕೋ ನೆಗೆಟಿವ್ ಅಷ್ಟೇ ದೊಡ್ಡದಿರಬೇಕು, ಹಾಗಾಗಿ ಕ್ಯಾಮೆರಾ ಅಂದರೆ ಹೊತ್ತು ತಿರುಗುವ ದೊಡ್ಡ ಪೆಟ್ಟಿಗೆ. ಅಲ್ಲಾಡದ ಕಲ್ಲು ಗೆರೆ ಗೆರೆಯೂ ಕಾಣುವ ಹಾಗೆ ಬಂತು. ನಡೆದಾಡುವ ಮನುಷ್ಯ, ದನ ಕರು ಮೂಡಲೇ ಇಲ್ಲ. ಆ ಚಿತ್ರಗಳು ಚೆಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ‘ಯಾರೂ ಇಲ್ಲದ ಹಾಳು ಹಂಪಿ’ ಅಂತ ನಮ್ಮ ತಲೆಯಲ್ಲಿ ಕೂತಿದೆಯಲ್ಲ, ಅದರಲ್ಲಿ ಕೆಮಿಸ್ಟ್ರಿಯ ಪಾಲೂ ಜಾಸ್ತಿಯೇ ಇದೆ ಅನ್ನಿಸಿತು.

1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗೊಲಿಂಗ್ಸ್ ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ ಮತ್ತೆ ಫೋಟೋ ತೆಗೆದರು. ನಾನೂ ರಥದ ಮುಂದೆ ಪ್ರಯತ್ನಪಟ್ಟೆ, ಸೆಲ್ಫಿಯವರು ಬಿಡಬೇಕಲ್ಲ!

ಸಂಜೆ ವಿರೂಪಾಕ್ಷನ ಎದುರಿನ ಬಜಾರಿಗೆ ಬಂದೆ. 2011ರ ಜುಲೈವರೆಗೆ ಇಲ್ಲಿನ ಸಾಲುಮಂಟಪಗಳಲ್ಲಿ ಮನೆ, ಅಂಗಡಿ, ಹೋಟೆಲ್ ಎಲ್ಲ ಇದ್ದವು. ಆಮೇಲೆ ಸ್ಮಾರಕ ಉಳಿಸಬೇಕು ಅಂತ ಬುಲ್ಡೋಜರ್ ತಂದು ಜನರನ್ನು ಎಬ್ಬಿಸಿದರು. ಈಗ ಫೋಟೋ ತೆಗೆದರೆ ಬರೀ ಕಂಬ, ಯಾವ ಕೆಮಿಸ್ಟ್ರಿಯೂ ಬೇಕಿಲ್ಲ. ನಿಮ್ಮ ಮನೆಯ ಹಳೇ ಆಲ್ಬಮ್‌ನಲ್ಲಿ ಹಂಪಿ ಟ್ರಿಪ್ಪಿನ ಫೋಟೋ ಇದ್ದರೆ ತೆಗೆದು ನೋಡಿ. ಹಿಂದುಗಡೆ ಆ ಬಜಾರಿನ ಅಂಗಡಿಯೋ ಮನೆಯೋ ಬಿದ್ದಿದ್ದರೆ ದಯವಿಟ್ಟು ಸ್ಕ್ಯಾನ್ ಮಾಡಿಡಿ.