ಸಾವಿರ ಸಲ ಪ್ಲೇ ಆಗದ ಹಾಡುಗಳ ಪರವಾಗಿ

ಸ್ಪಾಟಿಫೈಯಲ್ಲಿ ಒಂದು ಹಾಡಿಗೆ ದುಡ್ಡು ಹುಟ್ಟಬೇಕು ಅಂದ್ರೆ ಹಿಂದಿನ 12 ತಿಂಗಳಲ್ಲಿ ಅದು ಕನಿಷ್ಠ 1,000 ಸಲ ಪ್ಲೇ ಆಗಿರಬೇಕು. 2024ರಿಂದ ಇದೇ ನಿಯಮ. 999 ಆದರೆ ರೆಕಾರ್ಡಿಂಗ್ ರಾಯಲ್ಟಿ, ಅಂದರೆ ಧ್ವನಿಮುದ್ರಣದ ಮಾಲೀಕರಿಗೆ ಬರುವ ಪಾಲು, ಸೊನ್ನೆ. ಆ ಹಣವನ್ನು ಕಂಪನಿ ತಾನು ಇಟ್ಟುಕೊಳ್ಳುವುದಿಲ್ಲ, ಅದು ನಿಜ. ಸಾವಿರ ದಾಟಿದ ಹಾಡುಗಳಿಗೆ ಹಂಚುತ್ತದೆ. ಅಂದರೆ ಕಡಿಮೆ ಇರುವವರ ಪಾಲು ಜಾಸ್ತಿ ಇರುವವರ ಪಾಲಿಗೆ ಸೇರುತ್ತದೆ.

2023ರ ನವೆಂಬರ್‌ನಲ್ಲಿ ಇದನ್ನು ಪ್ರಕಟಿಸುವಾಗ ಕಂಪನಿ ಕೊಟ್ಟ ಕಾರಣ ಹೀಗಿತ್ತು: ಇಂಥ ಹಾಡುಗಳಿಗೆ ತಿಂಗಳಿಗೆ ಸರಾಸರಿ 3 ಸೆಂಟ್ ಮಾತ್ರ ಬರುತ್ತದೆ, ಡಿಸ್ಟ್ರಿಬ್ಯೂಟರ್‌ಗಳು (ಹಾಡುಗಳನ್ನು ಆ್ಯಪ್‌ಗಳಿಗೆ ತಲುಪಿಸುವ ಮಧ್ಯವರ್ತಿಗಳು) ಇಟ್ಟಿರುವ ಕನಿಷ್ಠ ಮೊತ್ತ ತುಂಬದೆ ಆ ಚಿಲ್ಲರೆ ಕಲಾವಿದರ ಕೈಗೆ ಹೇಗೂ ಸೇರುವುದಿಲ್ಲ. ಒಬ್ಬ ಹುಡುಗ ಮನೆಯಲ್ಲಿ ಕೂತು ಒಂದು ಹಾಡು ಮಾಡಿ ಹಾಕಿದ್ದರೆ ಈ ಮಾತು ಸರಿ. ಆದರೆ ಸಣ್ಣ ಲೇಬಲ್, ಅಂದರೆ ಹಾಡು ಹೊರತರುವ ಕಂಪನಿ, ಅನ್ನೋದು ಒಂದು ಹಾಡಿನ ವ್ಯವಹಾರ ಅಲ್ಲ.

ನಮ್ಮಲ್ಲಿನ ಹಳೇ ಆಡಿಯೋ ಕಂಪನಿಗಳನ್ನೇ ನೋಡಿ. ಸಿನಿಮಾ ಹಾಡು ಇರುವ ದೊಡ್ಡವರ ಮಾತು ಬಿಡಿ. ಭಾವಗೀತೆ, ದಾಸರ ಪದ, ರಂಗಗೀತೆ, ಜಾನಪದ, ಕರಾವಳಿಯ ಯಕ್ಷಗಾನ, ತಾಳಮದ್ದಳೆ ಅಂತ ಕ್ಯಾಸೆಟ್ ಕಾಲದಲ್ಲಿ ಊರೂರಿನಲ್ಲಿ ರೆಕಾರ್ಡ್ ಮಾಡಿದ ಸಣ್ಣವರು ಎಷ್ಟೋ ಜನ ಇದ್ದರು. ಅಂಥ ಒಬ್ಬರ ಹತ್ತಿರ 400 ಟ್ರ್ಯಾಕ್ ಇದೆ ಅಂದುಕೊಳ್ಳಿ. ಒಂದೊಂದನ್ನೂ ವರ್ಷಕ್ಕೆ 600 ಸಲ ಜನ ಕೇಳುತ್ತಾರೆ. ಒಟ್ಟು 2,40,000 ಪ್ಲೇ. ಬರುವ ದುಡ್ಡು ಸೊನ್ನೆ. ಇಷ್ಟೇ ಪ್ಲೇ ಒಂದೇ ಹಾಡಿಗೆ ಬಿದ್ದಿದ್ದರೆ ಪೂರ್ತಿ ಲೆಕ್ಕ ಸಿಗುತ್ತಿತ್ತು. ಹನಿಗೂಡಿ ಹಳ್ಳ ಆಗುವ ಕಡೆ ಹನಿಯನ್ನೇ ಎಣಿಸುವುದಿಲ್ಲ ಅಂದರೆ ಹೇಗೆ?

ಇನ್ನೊಂದು ವಿಷಯ ಯಾರೂ ಜಾಸ್ತಿ ಮಾತಾಡುವುದಿಲ್ಲ. ಮೂವತ್ತು ಸೆಕೆಂಡ್ ಕೇಳಿದರೆ ಒಂದು ಪ್ಲೇ. ನಲವತ್ತು ನಿಮಿಷದ ತಾಳಮದ್ದಳೆ ಪ್ರಸಂಗವನ್ನು, ಅರ್ಥಧಾರಿಗಳ ಒಂದು ಮಾತೂ ಬಿಡದೆ, ಕೊನೇ ತನಕ ಕೇಳಿದರೂ ಒಂದೇ ಪ್ಲೇ. ಎರಡು ನಿಮಿಷದ ಹಾಡನ್ನು ಅರ್ಧಕ್ಕೆ ಬಿಟ್ಟರೂ ಅದೇ ಒಂದು ಪ್ಲೇ. ನಮ್ಮ ಎಷ್ಟೋ ಕಲೆಗಳು ಉದ್ದಕ್ಕೇ ಹುಟ್ಟಿದವು. ಅವು ಈ ಲೆಕ್ಕದಲ್ಲಿ ಶುರುವಿನಲ್ಲೇ ಸೋತಿರುತ್ತವೆ, ಅದರ ಮೇಲೆ ಈಗ ಸಾವಿರದ ಗೆರೆ ಬೇರೆ.

ಇದರ ಜೊತೆಗೇ ಬಂದದ್ದು ನಕಲಿ ಪ್ಲೇಗಳ ದಂಡ. ಬಾಟ್ (ತಾನಾಗಿಯೇ ಹಾಡು ಓಡಿಸುವ ಪ್ರೋಗ್ರಾಂ) ಇಟ್ಟು ಪ್ಲೇ ಹೆಚ್ಚಿಸುವವರನ್ನು ಹಿಡಿಯಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ದಂಡ ಬೀಳುವುದು ಡಿಸ್ಟ್ರಿಬ್ಯೂಟರ್ ಅಥವಾ ಲೇಬಲ್ ಮೇಲೆ, ಹಾಡೊಂದಕ್ಕೆ ಇಷ್ಟು ಅಂತ, ಮತ್ತು ಡಿಸ್ಟ್ರಿಬ್ಯೂಟರ್ ಅದನ್ನು ಕೆಳಗಿನವರ ತಲೆಗೆ ಕಟ್ಟಬಹುದು. ನನಗೆ ಪರಿಚಯದ ಒಬ್ಬರು ಸಣ್ಣ ಲೇಬಲ್ ನಡೆಸುತ್ತಾರೆ, ಅವರೇ ರೆಕಾರ್ಡಿಂಗ್, ಅವರೇ ಲೆಕ್ಕಪತ್ರ. ಒಂದು ದಿನ ಡಿಸ್ಟ್ರಿಬ್ಯೂಟರ್‌ನಿಂದ ಮೇಲ್ ಬಂತು, ನಿಮ್ಮ ಹಾಡಿನಲ್ಲಿ ಅನುಮಾನಾಸ್ಪದ ಪ್ಲೇ ಇದೆ, ತೆಗೆದಿದ್ದೇವೆ. ಯಾವ ಊರಿನಿಂದ, ಯಾವ ಪ್ಲೇಲಿಸ್ಟ್‌ನಿಂದ, ಏನೂ ಇಲ್ಲ. ಯಾರೋ ಗುರುತಿಲ್ಲದವರು ತಮ್ಮ ಪ್ಲೇಲಿಸ್ಟ್‌ಗೆ ಹಾಡು ಸೇರಿಸಿಕೊಂಡು ಬಾಟ್ ಓಡಿಸಿದರೆ ಇವರೇನು ಮಾಡಬೇಕು? ಉತ್ತರ ಬರೆದರೆ ಅದೇ ಯಾಂತ್ರಿಕ ಮೇಲ್ ವಾಪಸ್. ದೊಡ್ಡ ಲೇಬಲ್ ಆಗಿದ್ದರೆ ಫೋನ್ ಎತ್ತಿ ಮಾತಾಡೋಕೆ ಅಲ್ಲೊಬ್ಬ ಮನುಷ್ಯ ಇರುತ್ತಾನೆ.

ನನ್ನ ತಕರಾರು ಇರುವುದು ಇಲ್ಲೇ. ಮೂರು ಸೆಂಟಿನ ಬಗ್ಗೆ ಅಲ್ಲ, ಈ ತೀರ್ಮಾನಗಳು ಆಗುವಾಗ ಸಣ್ಣವರು ಆ ಕೋಣೆಯಲ್ಲಿ ಇರುವುದಿಲ್ಲ ಅನ್ನುವುದರ ಬಗ್ಗೆ. ಯೂನಿವರ್ಸಲ್, ಸೋನಿ, ವಾರ್ನರ್ ಅನ್ನುವ ಮೂರು ದೊಡ್ಡ ಲೇಬಲ್‌ಗಳು ಇಲ್ಲದೆ ಯಾವ ಸ್ಟ್ರೀಮಿಂಗ್ ಆ್ಯಪ್ ಕೂಡ ನಡೆಯೋದು ಕಷ್ಟ, ಹಾಗಾಗಿ ಅವರ ಮಾತು ನಡೆಯುತ್ತದೆ. 400 ಟ್ರ್ಯಾಕಿನವರು ನಾಳೆ ಎಲ್ಲವನ್ನೂ ವಾಪಸ್ ತೆಗೆದುಕೊಂಡರೆ ಆ್ಯಪ್‌ಗೆ ಗೊತ್ತೂ ಆಗುವುದಿಲ್ಲ.

ಆದರೆ ಸಣ್ಣವರು ಯಾವತ್ತೂ ಗೆದ್ದೇ ಇಲ್ಲ ಅಂತಲ್ಲ. 2015ರಲ್ಲಿ ಆಪಲ್ ಮ್ಯೂಸಿಕ್ ಶುರುವಾದಾಗ ಮೊದಲ ಮೂರು ತಿಂಗಳು ಗ್ರಾಹಕರಿಗೆ ಉಚಿತ, ಆ ಮೂರು ತಿಂಗಳು ಲೇಬಲ್‌ಗಳಿಗೂ ಕಲಾವಿದರಿಗೂ ಒಂದು ಪೈಸೆ ಇಲ್ಲ ಅನ್ನುವ ಷರತ್ತು ಇತ್ತು. ಇದನ್ನು ವಿರೋಧಿಸಿ ಗಾಯಕಿ ಟೇಲರ್ ಸ್ವಿಫ್ಟ್ ಬರೆದ ಪತ್ರ, ಒಂದೇ ದಿನದಲ್ಲಿ ಆಪಲ್ ಮನಸ್ಸು ಬದಲಾಯಿಸಿದ್ದು, ಇದಷ್ಟೇ ಎಲ್ಲರಿಗೂ ನೆನಪಿದೆ. ಆದರೆ ಅದಕ್ಕೂ ಮೊದಲೇ ಬ್ರಿಟನ್ನಿನ ಬೆಗ್ಗರ್ಸ್ ಗ್ರೂಪ್, ಅಂದರೆ ಗಾಯಕಿ ಅಡೆಲ್ ಹಾಡುಗಳನ್ನು ಆಗ ಹೊರತರುತ್ತಿದ್ದ ಎಕ್ಸ್‌ಎಲ್ ಲೇಬಲ್ ಯಾರ ಬಳಗದ್ದೋ ಅವರು, ಬಹಿರಂಗವಾಗಿ ವಿರೋಧಿಸಿದ್ದರು. ಸ್ವತಂತ್ರ ಲೇಬಲ್‌ಗಳ, ಅಂದರೆ ಆ ಮೂರು ದೊಡ್ಡವರಿಗೆ ಸೇರದವರ, ಸಂಘಗಳೂ ಎದುರು ನಿಂತಿದ್ದವು. ಸ್ವಿಫ್ಟ್ ಕೂಡ ಆಗ ಇದ್ದದ್ದು ನ್ಯಾಶ್‌ವಿಲ್‌ನ ಒಂದು ಸ್ವತಂತ್ರ ಲೇಬಲ್‌ನಲ್ಲೇ. ಪತ್ರ ದೊಡ್ಡ ಕೆಲಸ ಮಾಡಿತು, ಸರಿ. ಆದರೆ ಅದಕ್ಕೂ ಮೊದಲೇ ಒಟ್ಟಾಗಿ ನಿಂತವರ ಹೆಸರೂ ಹೇಳಬೇಕು ಅಲ್ವಾ?

ಮರ್ಲಿನ್ ಅಂತ ಒಂದು ಸಂಸ್ಥೆ ಇದೆ, 2008ರಲ್ಲಿ ಕೆಲಸ ಶುರು ಮಾಡಿದ್ದು. ಸಾವಿರಾರು ಸ್ವತಂತ್ರ ಲೇಬಲ್‌ಗಳ ಪರವಾಗಿ ಒಂದೇ ಕಡೆ ಕೂತು ಸ್ಟ್ರೀಮಿಂಗ್ ಕಂಪನಿಗಳ ಜೊತೆ ಒಪ್ಪಂದ ಮಾಡುತ್ತದೆ. ಸ್ಪಾಟಿಫೈ ಬೆಳೆಯುವಾಗ ದೊಡ್ಡ ಲೇಬಲ್‌ಗಳಿಗೆ ಕಂಪನಿಯಲ್ಲಿ ಷೇರು ಸಿಕ್ಕಿತ್ತು, ಮರ್ಲಿನ್‌ಗೂ ಸಿಕ್ಕಿತು. 2018ರಲ್ಲಿ ಸ್ಪಾಟಿಫೈ ಷೇರುಪೇಟೆಗೆ ಬಂದಾಗ ಮರ್ಲಿನ್ ತನ್ನ ಪಾಲನ್ನು ಪೂರ್ತಿ ಮಾರಿ ಹಣವನ್ನು ಸದಸ್ಯರಿಗೆ ಹಂಚಿತು. ಒಬ್ಬೊಬ್ಬರೇ ಹೋಗಿ ಕೇಳಿದ್ದರೆ ಒಂದು ಷೇರೂ ಸಿಗುತ್ತಿರಲಿಲ್ಲ.

ಚಿಂತೆ ಏನಂದ್ರೆ, ದೊಡ್ಡವರು ಈಗ ಸಣ್ಣವರಿಗೂ ಆ್ಯಪ್‌ಗಳಿಗೂ ನಡುವಿನ ಕೊಂಡಿಗಳನ್ನೇ ಕೊಳ್ಳುತ್ತಿದ್ದಾರೆ. ಬ್ರಸೆಲ್ಸ್‌ನಲ್ಲಿ ಹುಟ್ಟಿ ಸ್ವತಂತ್ರ ಲೇಬಲ್‌ಗಳ ವಿತರಣೆಗೆ ಹೆಸರಾಗಿದ್ದ ಪಿಯಾಸ್ 2024ರಲ್ಲಿ ಪೂರ್ತಿ ಯೂನಿವರ್ಸಲ್ ಪಾಲಾಯಿತು. ಅದೇ ವರ್ಷದ ಕೊನೆಗೆ ಯೂನಿವರ್ಸಲ್ 77.5 ಕೋಟಿ ಡಾಲರ್ ಕೊಟ್ಟು ಡೌನ್‌ಟೌನ್ ಅನ್ನುವ ಸಂಗೀತ ಸೇವೆಗಳ ಕಂಪನಿಯನ್ನು ಕೊಳ್ಳುವುದಾಗಿ ಹೇಳಿತು. ಹಾಡು ವಿತರಿಸುವ ಸಿಡಿ ಬೇಬಿ, ಫುಗಾ, ರಾಯಲ್ಟಿ ಲೆಕ್ಕ ಹಾಕುವ ಕರ್ವ್, ಎಲ್ಲ ಆಗ ಡೌನ್‌ಟೌನ್‌ನವರದೇ ಆಗಿತ್ತು. ಎದುರಾಳಿಯ ಯಾವ ಹಾಡಿಗೆ ಎಷ್ಟು ಬರುತ್ತಿದೆ ಅನ್ನುವ ಲೆಕ್ಕದ ಪುಸ್ತಕವೇ ಕೈಗೆ ಸಿಕ್ಕಿದ ಹಾಗೆ. ಯುರೋಪಿನ ಸ್ವತಂತ್ರ ಲೇಬಲ್‌ಗಳ ಸಂಘ ಇಂಪಾಲಾ ಜೋರಾಗಿಯೇ ವಿರೋಧಿಸಿತು. 2025ರ ಜುಲೈನಲ್ಲಿ ಯುರೋಪಿಯನ್ ಕಮಿಷನ್, ಅಂದರೆ ಬ್ರಸೆಲ್ಸ್‌ನಲ್ಲಿರುವ ಯುರೋಪಿಯನ್ ಒಕ್ಕೂಟದ ಆಡಳಿತ ಸಂಸ್ಥೆ, ಆಳವಾದ ತನಿಖೆಗೆ ಇಳಿಯಿತು, ಅದು ಎತ್ತಿದ ಆತಂಕವೂ ಈ ಲೆಕ್ಕದ ಮಾಹಿತಿಯ ಬಗ್ಗೆಯೇ.

ಕನ್ನಡದ ಸಣ್ಣ ಲೇಬಲ್‌ನವರು ಬ್ರಸೆಲ್ಸ್‌ಗೆ ಹೋಗಬೇಕಿಲ್ಲ. ಮೊದಲು ತಮ್ಮ ಹತ್ತಿರ ಏನಿದೆ ಅಂತ ಪಟ್ಟಿ ಮಾಡಲಿ. ಭಾರತದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ ಇರುತ್ತದೆ, 1985ರ ಕ್ಯಾಸೆಟ್ ಅಂದರೆ 2045 ಮುಗಿಯುವ ತನಕ. ಗಾಯಕರ ಜೊತೆ, ಬರೆದವರ ಜೊತೆ ಆಗ ಮಾಡಿಕೊಂಡ ಕಾಗದದಲ್ಲಿ ಡಿಜಿಟಲ್ ಮಾತೇ ಇರುವುದಿಲ್ಲ, ಅವರು ಇದ್ದಾಗಲೇ ಕೂತು ಸರಿಮಾಡಿಕೊಳ್ಳಬೇಕು. ಕಾಪಿರೈಟ್ ಕಾಯ್ದೆಗೆ 2012ರ ತಿದ್ದುಪಡಿ ಆದಮೇಲೆ ಬರೆದವರ, ಸಂಯೋಜಿಸಿದವರ ರಾಯಲ್ಟಿಯನ್ನು ಸುಮ್ನೆ ಬರೆಸಿಕೊಳ್ಳೋಕೂ ಆಗಲ್ಲ. ಪ್ರತಿ ಟ್ರ್ಯಾಕಿಗೂ ಐಎಸ್‌ಆರ್‌ಸಿ (ಧ್ವನಿಮುದ್ರಣವನ್ನು ಗುರುತಿಸುವ ಅಂತರರಾಷ್ಟ್ರೀಯ ಕೋಡ್) ಸಂಖ್ಯೆ ತಮ್ಮ ಹೆಸರಿನಲ್ಲೇ ಇರಲಿ, ಡಿಸ್ಟ್ರಿಬ್ಯೂಟರ್ ಬದಲಾಯಿಸಿದರೂ ಆ ಸಂಖ್ಯೆ ಹಾಡಿನ ಜೊತೆಗೇ ಬರುತ್ತದೆ.

ಆಮೇಲೆ ನಾಲ್ಕೈದು ಜನ ಒಟ್ಟಾಗಿ ಒಂದೇ ಡಿಸ್ಟ್ರಿಬ್ಯೂಟರ್ ಹತ್ತಿರ ಹೋಗಲಿ, ಕಮಿಷನ್ ಬಗ್ಗೆ ಚೌಕಾಸಿ ಮಾಡಲಿ, ಹಾಡು ತೆಗೆದರೆ ಕಾರಣ ಮತ್ತು ಪ್ಲೇಗಳ ವಿವರ ಕೊಡಬೇಕು ಅಂತ ಒಪ್ಪಂದದಲ್ಲೇ ಬರೆಸಲಿ. 400 ಟ್ರ್ಯಾಕಿನವರು ಐದು ಜನ ಸೇರಿದರೆ 2,000 ಟ್ರ್ಯಾಕ್ ಆಗುತ್ತದೆ, ಅಷ್ಟಕ್ಕೆ ಯಾರಾದರೂ ಫೋನ್ ಎತ್ತುತ್ತಾರೆ.