ಬಳ್ಳಾರಿ ಬಿಸಿಲಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ನೀರಿನ ಕೂಲಿಂಗ್

ಏಪ್ರಿಲ್ ಬಂತೆಂದರೆ ರಾತ್ರಿ ಹತ್ತಾದರೂ ನನ್ನ ರೂಮಿನ ಗೋಡೆ ಮುಟ್ಟಿದರೆ ಬಿಸಿ. ಮೇಲೆ ಆರ್‌ಸಿಸಿ ತಾರಸಿ, ಪಶ್ಚಿಮಕ್ಕೆ ಕಿಟಕಿ, ಇನ್ನೇನು ಬೇಕು ಹೇಳಿ. ಗೋಡೆಗೆ ನೇತುಹಾಕಿದ ಥರ್ಮಾಮೀಟರ್ 38 ತೋರಿಸುತ್ತಿರುತ್ತದೆ. ನನ್ನ ಕೆಲಸ ನಡೆಯುವುದೂ ಇದೇ ರೂಮಿನಲ್ಲಿ. ಬಿಲ್ಡರ್‌ಗಳಿಗೆ, ಮನೆ ಕಟ್ಟಿಸುವವರಿಗೆ ಮನೆ ಮುಗಿದ ಮೇಲೆ ಹೇಗೆ ಕಾಣುತ್ತದೆ ಅಂತ ಬ್ಲೆಂಡರ್ ಅನ್ನುವ ಸಾಫ್ಟ್‌ವೇರ್‌ನಲ್ಲಿ 3ಡಿ ಮಾಡಿಕೊಡುತ್ತೇನೆ. ಹಗಲೆಲ್ಲ ಮಾಡೆಲ್ ಕಟ್ಟುವುದು, ರಾತ್ರಿ ರೆಂಡರ್‌ಗೆ (ಅಂದರೆ ಆ ಮಾಡೆಲ್ಲಿನಿಂದ ಕೊನೆಯ ಚಿತ್ರ ತೆಗೆಯಲು) ಹಾಕಿ ಮಲಗುವುದು. ಮಲಗುವುದು ಅನ್ನುವುದು ಬಾಯಿಮಾತಿಗೆ ಅಷ್ಟೇ. ಆ ಕೆಲಸ ಮಾಡುವ ಗ್ರಾಫಿಕ್ಸ್ ಕಾರ್ಡಿನ ಫ್ಯಾನ್ ಸದ್ದು ಪಕ್ಕದ ರೂಮಿನಲ್ಲಿ ಮಲಗಿದ ಅಮ್ಮನಿಗೂ ಕೇಳುತ್ತಿತ್ತು.

ಕಾರ್ಡ್ ಹಳೆಯದು, ಜಿಟಿಎಕ್ಸ್ 1080 ಟಿಐ. 2017ರಲ್ಲಿ ಬಂದದ್ದು. ನಾನು ತೆಗೆದುಕೊಂಡದ್ದು ಸೆಕೆಂಡ್ ಹ್ಯಾಂಡ್. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಅನ್ನುವ ಡಿಜಿಟಲ್ ಹಣದವರು ಗ್ರಾಫಿಕ್ಸ್ ಕಾರ್ಡ್ ಓಡಿಸಿ ಆ ಹಣ ಗಳಿಸುವ ಮೈನಿಂಗ್ ಪದ್ಧತಿಯನ್ನೇ ಕೈಬಿಟ್ಟರಲ್ಲ, ಆಮೇಲೆ ಗ್ರಾಫಿಕ್ಸ್ ಕಾರ್ಡುಗಳು ರಾಶಿ ರಾಶಿ ಮಾರುಕಟ್ಟೆಗೆ ಬಂದು ರೇಟು ಇಳಿಯಿತು. ಆಗ ಸಿಕ್ಕಿದ್ದು ಇದು. ಇದರಲ್ಲಿ 11 ಜಿಬಿ ಮೆಮೊರಿ ಇದೆ, ಹಾಗಾಗಿ ಮರ, ಹುಲ್ಲು, ಸೋಫಾ, ಪರದೆ ಎಲ್ಲ ತುಂಬಿದ ದೊಡ್ಡ ಸೀನೂ ಹಿಡಿಸುತ್ತದೆ. ಹೊಸ ಕಾರ್ಡ್ ಕೊಳ್ಳಬಹುದಿತ್ತು, ಆದರೆ ನನ್ನ ಬಜೆಟ್‌ಗೆ ಬರುವ ಹೊಸ ಕಾರ್ಡುಗಳಲ್ಲಿ 8 ಜಿಬಿ. ಅದಕ್ಕೆ ಇದನ್ನೇ ಹಿಡಿದುಕೊಂಡು ಕೂತಿದ್ದೇನೆ.

ಇದು ಬ್ಲೋವರ್ ಮಾದರಿಯದು. ಒಂದೇ ಫ್ಯಾನು. ಅದು ಕಂಪ್ಯೂಟರಿನ ಕ್ಯಾಬಿನೆಟ್ ಒಳಗಿನ ಗಾಳಿ ಎಳೆದು, ಬಿಸಿ ಹೀರುವ ಲೋಹದ ಹೀಟ್‌ಸಿಂಕ್ ಮೂಲಕ ನುಗ್ಗಿಸಿ, ಹಿಂದಿನ ಜಾಲರಿಯಿಂದ ಹೊರಗೆ ಹಾಕುತ್ತದೆ. ಪೂರ್ತಿ ಕೆಲಸ ಕೊಟ್ಟರೆ ಕಾರ್ಡ್ 250 ವಾಟ್ ಎಳೆಯುತ್ತದೆ. ಕಾರ್ಖಾನೆಯ ಸೆಟ್ಟಿಂಗ್‌ನಲ್ಲೇ ಇದರ ಗುರಿ 84 ಡಿಗ್ರಿ. ಅಲ್ಲಿಗೆ ಮುಟ್ಟುತ್ತಿದ್ದ ಹಾಗೆ ಕಾರ್ಡ್ ತಾನಾಗಿಯೇ ವೇಗ ತಗ್ಗಿಸಿಕೊಂಡು ಆ ಗೆರೆ ದಾಟದಂತೆ ನೋಡಿಕೊಳ್ಳುತ್ತದೆ. ಚಳಿಗಾಲದಲ್ಲಿ 1,800 ಮೆಗಾಹರ್ಟ್ಸ್ ಹತ್ತಿರ ಓಡುವ ಚಿಪ್ ನಮ್ಮ ಬೇಸಿಗೆಯಲ್ಲಿ 1,600ರ ಆಸುಪಾಸಿಗೆ ಬಂದು ಕೂರುತ್ತಿತ್ತು. ಜನ ಕಾರ್ಡ್ ಸುಟ್ಟುಹೋಗುತ್ತದೆ ಅಂತ ಹೆದರುತ್ತಾರೆ. ಅದು ಅಷ್ಟು ಸುಲಭಕ್ಕೆ ಸುಡುವುದಿಲ್ಲ, ಸುಮ್ನೆ ನಿಧಾನ ಆಗುತ್ತದೆ. ನನಗೆ ತೊಂದರೆ ಆಗಿದ್ದು ಆ ನಿಧಾನದಿಂದ. ರಾತ್ರಿ ಹಾಕಿದ, ಮನೆಯೊಳಗೆ ಓಡಾಡಿದಂತೆ ವಿಡಿಯೋದಲ್ಲಿ ತೋರಿಸುವ ವಾಕ್‌ಥ್ರೂ ಬೆಳಿಗ್ಗೆ ನೋಡಿದರೆ ಮುಗಿದಿರುತ್ತಿರಲಿಲ್ಲ, ಪಾರ್ಟಿ ಫೋನ್ ಮಾಡುತ್ತಿರುತ್ತಿದ್ದರು.

ಹಾಗಂತ ನೀರಿನ ಕೂಲಿಂಗ್ ಏನು ಹೊಸ ಸಾಹಸ ಅಲ್ಲ. ಎಎಂಡಿಯವರು 2014ರಲ್ಲೇ ಆರ್9 295ಎಕ್ಸ್2 ಅನ್ನುವ ಕಾರ್ಡನ್ನು ರೇಡಿಯೇಟರ್, ಪೈಪು ಸಮೇತ ಮಾರಿದ್ದರು. ಎರಡು ಚಿಪ್, 500 ವಾಟ್. ಬರೀ ಗಾಳಿಯಲ್ಲಿ ತಣಿಸುವುದು ಕಷ್ಟ ಅಂತ ಅವರಿಗೇ ಗೊತ್ತಿತ್ತು. ಮರುವರ್ಷ ಫ್ಯೂರಿ ಎಕ್ಸ್ ಕೂಡ ಹಾಗೇ ಬಂತು. ನನ್ನಂಥವರು ಮಾಡುವುದು ಇದರ ಬಡವರ ಆವೃತ್ತಿ. ಸಿಪಿಯುಗೆ (ಕಂಪ್ಯೂಟರಿನ ಮುಖ್ಯ ಚಿಪ್ಪಿಗೆ) ಅಂತ ಸಿಗುವ ಎಐಒ ಕೂಲರ್, ಅಂದರೆ ಪಂಪು, ಪೈಪು, ರೇಡಿಯೇಟರ್ ಎಲ್ಲ ಸೇರಿಸಿ ನೀರು ತುಂಬಿ ಸೀಲ್ ಮಾಡಿದ್ದು, ಅದನ್ನೇ ಒಂದು ಬ್ರಾಕೆಟ್ ಹಾಕಿ ಗ್ರಾಫಿಕ್ಸ್ ಕಾರ್ಡಿಗೆ ಕೂರಿಸುವುದು. ಎನ್‌ಜೆಡ್‌ಎಕ್ಸ್‌ನ ಕ್ರಾಕೆನ್ ಜಿ12 ಅಂಥ ಬ್ರಾಕೆಟ್. ಪಂಪಿನ ತಲೆ ದುಂಡಗೆ ಇದ್ದು ಸುತ್ತ ಹಲ್ಲು ಇರುವ ಎಐಒಗಳು ಅದಕ್ಕೆ ಹೊಂದುತ್ತವೆ. ಬೆಂಗಳೂರಿಗೆ ಬೇರೆ ಕೆಲಸಕ್ಕೆ ಹೋದಾಗ ಎಸ್.ಪಿ. ರೋಡಿನ ಒಂದು ಅಂಗಡಿಯ ಮೇಲಿನ ಅಟ್ಟದಲ್ಲಿ ಒಂದು ಬ್ರಾಕೆಟ್ ಧೂಳು ಹಿಡಿದು ಕೂತಿತ್ತು. ಅಂಗಡಿಯವರಿಗೆ ಅದು ಯಾತಕ್ಕೆ ಅಂತಲೂ ಮರೆತುಹೋಗಿತ್ತು, ಹಾಗಾಗಿ ಚೌಕಾಸಿ ಸಲೀಸಾಯಿತು. ಎಐಒ 240 ಎಂಎಂ ರೇಡಿಯೇಟರ್‌ದು ತೆಗೆದುಕೊಂಡೆ. 120ರದ್ದು ಅಗ್ಗ, ಆದರೆ 250 ವಾಟ್ ಶಾಖಕ್ಕೆ, ಅದೂ ನಮ್ಮೂರ ಬಿಸಿಲಿಗೆ ಅದು ಸಾಲುವುದಿಲ್ಲ ಅನ್ನಿಸಿತು.

ಭಾನುವಾರ ಬೆಳಿಗ್ಗೆ ಊಟದ ಟೇಬಲ್ ಮೇಲೆ ಹಳೆ ಪೇಪರ್ ಹಾಸಿ ಕೂತೆ. ಈ ಕಾರ್ಡ್ ಬಿಚ್ಚುವುದಕ್ಕೇ ಅರ್ಧ ತಾಳ್ಮೆ ಖರ್ಚಾಗುತ್ತದೆ. ಬೆನ್ನ ಮೇಲಿನ ಪ್ಲೇಟು ಎರಡು ತುಂಡು, ಅದಕ್ಕೆ ಕನ್ನಡಕದ ಸ್ಕ್ರೂಗಿಂತ ಸ್ವಲ್ಪ ದೊಡ್ಡ ಸ್ಕ್ರೂಗಳು. ಪ್ಲೇಟು ತೆಗೆದರೆ ಒಳಗೆ ಮಾಮೂಲಿ ಸ್ಕ್ರೂ ಡ್ರೈವರ್ ಹಿಡಿಯದ ಷಟ್ಕೋನದ ಪುಟ್ಟ ನಟ್ಟುಗಳು, ಅವಕ್ಕೆ 4 ಎಂಎಂ ನಟ್ ಡ್ರೈವರ್ರೇ ಬೇಕು. ಒಂದು ಖಾಲಿ ಇಡ್ಲಿ ತಟ್ಟೆ ಇಟ್ಟುಕೊಂಡು ಒಂದೊಂದು ಕುಳಿಗೆ ಒಂದೊಂದು ಜಾಗದ ಸ್ಕ್ರೂ ಹಾಕುತ್ತಾ ಹೋದೆ. ಅಮ್ಮ ಬಂದು ತಟ್ಟೆ ನೋಡಿದರು, ನನ್ನ ಮುಖ ನೋಡಿದರು, ಏನೂ ಹೇಳದೆ ಒಳಗೆ ಹೋದರು.

ಕೂಲರ್ ಎತ್ತಿದ ಮೇಲೆ ಚಿಪ್ಪಿಗೂ ಕೂಲರಿಗೂ ನಡುವೆ ಬಿಸಿ ದಾಟಿಸಲು ಬಳಿದಿದ್ದ ಹಳೆಯ ಪೇಸ್ಟ್ ಒಣಗಿ ಬಿಳಿ ಚಕ್ಕೆ ಆಗಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದಾಗ ಚಿಪ್ ಕನ್ನಡಿ ಆಯಿತು, ಮೇಲಿನ ಟ್ಯೂಬ್‌ಲೈಟ್ ಅದರಲ್ಲಿ ಕಾಣುತ್ತಿತ್ತು. 471 ಚದರ ಮಿಲಿಮೀಟರ್, ಅಂದರೆ ಎರಡು ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಉದ್ದಗಲದ ಚೌಕ. ಅಷ್ಟರಲ್ಲಿ 1,200 ಕೋಟಿ ಟ್ರಾನ್ಸಿಸ್ಟರ್. ಸಿಪಿಯು ಚಿಪ್ಪಿಗಿರುವ ಹಾಗೆ ಇದಕ್ಕೆ ಲೋಹದ ಮುಚ್ಚಳ ಇಲ್ಲ, ಬರೀ ಸಿಲಿಕಾನ್, ಮೂಲೆಗೆ ಏಟು ಬಿದ್ದರೆ ಮುಗಿಯಿತು. ಸುತ್ತ ಮೆಮೊರಿ ಚಿಪ್‌ಗಳು. ಎಣಿಸಿದರೆ 11, ಆದರೆ ಬೋರ್ಡಿನಲ್ಲಿ ಜಾಗ ಇರುವುದು 12ಕ್ಕೆ. ಒಂದು ಕಡೆ ಖಾಲಿ ಬಿಟ್ಟಿದ್ದಾರೆ. 11 ಜಿಬಿ ಅನ್ನುವ ವಿಚಿತ್ರ ಲೆಕ್ಕ ಎಲ್ಲಿಂದ ಬಂತು ಅಂತ ಆ ಖಾಲಿ ಜಾಗ ನೋಡಿದಾಗ ಗೊತ್ತಾಯಿತು.

ಇಲ್ಲಿ ಒಂದು ವಿಷಯ ಇದೆ, ವಿಡಿಯೋ ನೋಡಿ ಕೈಹಾಕುವವರು ಸಾಮಾನ್ಯವಾಗಿ ಅಸಡ್ಡೆ ಮಾಡುವುದು. ಎಐಒ ತಣಿಸುವುದು ನಡುವಿನ ಚಿಪ್ಪನ್ನು ಮಾತ್ರ. ಮೊದಲಿನ ಕೂಲರ್‌ನಲ್ಲಿ ಒಂದು ದೊಡ್ಡ ಲೋಹದ ಪ್ಲೇಟು ಮೆಮೊರಿಗೂ, ಕರೆಂಟ್ ಒದಗಿಸುವ ವಿಆರ್‌ಎಂ ಭಾಗಕ್ಕೂ ಅಂಟಿಕೊಂಡು ಅವುಗಳ ಬಿಸಿಯನ್ನೂ ಎಳೆಯುತ್ತಿತ್ತು. ಅದು ಹೋದ ಮೇಲೆ ಅವು ಬರಿಮೈ. ಅವಕ್ಕೆ ಪುಟ್ಟ ಪುಟ್ಟ ಅಲ್ಯೂಮಿನಿಯಂ ಹೀಟ್‌ಸಿಂಕ್ ಅಂಟಿಸಬೇಕು. ಬ್ರಾಕೆಟ್ ಜೊತೆ ಬರುವ 92 ಎಂಎಂ ಫ್ಯಾನು ಅವುಗಳ ಮೇಲೆ ಗಾಳಿ ಬೀಸುತ್ತದೆ. ಆದರೆ ಕಾರ್ಡನ್ನು ಕ್ಯಾಬಿನೆಟ್‌ನಲ್ಲಿ ಕೂರಿಸಿದಾಗ ಈ ಮುಖ ನೆಲ ನೋಡುತ್ತದೆ, ಹೀಟ್‌ಸಿಂಕ್‌ಗಳು ತಲೆಕೆಳಗಾಗಿ ನೇತಾಡುತ್ತವೆ. ಅಂಟಿನ ಟೇಪು ಬಿಸಿಗೆ ಮೆತ್ತಗಾಗಿ ಒಂದು ಕಳಚಿ ಬಿದ್ದರೂ ಕೆಳಗೆ ಎಲ್ಲೋ ಶಾರ್ಟ್ ಆಗುತ್ತದೆ. ಅದಕ್ಕೆ ಪ್ರತಿ ಚಿಪ್ಪನ್ನೂ ಆಲ್ಕೋಹಾಲ್‌ನಲ್ಲಿ ಒರೆಸಿ, ಹೀಟ್‌ಸಿಂಕ್ ಇಟ್ಟು ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಬೆರಳ ತುದಿಯ ಮೇಲೆ ಅದರ ಹಲ್ಲಿನ ಗುರುತು ಮೂಡುವ ತನಕ ಬಿಡಲಿಲ್ಲ. ಆಮೇಲೆ ಕಾರ್ಡನ್ನು ಬೋರಲು ಮಾಡಿ ಎರಡು ಪುಸ್ತಕದ ನಡುವೆ ತೂಗುಹಾಕಿ, ಮಧ್ಯಾಹ್ನದ ಬಿಸಿಲು ಬೀಳುವ ಕಿಟಕಿ ಹತ್ತಿರವೇ ಇಟ್ಟೆ. ಬೀಳುವುದಿದ್ದರೆ ಇಲ್ಲೇ ಬೀಳಲಿ ಅಂತ.

ಅದೇ ಹೊತ್ತಿನಲ್ಲಿ ಎಐಒವನ್ನು ಕಂಪ್ಯೂಟರಿಗೆ ಹಾಕದೆ ಬೇರೆಯಾಗಿ ಓಡಿಸಿ ನೋಡಿದೆ. ಹಳೆಯ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಒಂದಿತ್ತು. ಅದರ 24 ಪಿನ್ ಕನೆಕ್ಟರಿನಲ್ಲಿ ಹಸಿರು ವೈರನ್ನು ಕಪ್ಪು ವೈರಿಗೆ ಒಂದು ತಂತಿಯಿಂದ ಸೇರಿಸಿದರೆ ಮದರ್‌ಬೋರ್ಡ್ ಇಲ್ಲದೆಯೇ ಆನ್ ಆಗುತ್ತದೆ. ಪೈಪು ಸೇರುವ ಜಾಗಗಳಿಗೆಲ್ಲ ಟಿಶ್ಯೂ ಪೇಪರ್ ಸುತ್ತಿ, ಪಂಪು ಓಡಲು ಬಿಟ್ಟೆ. ಒಳಗಿರುವುದು ನೀರು ಮತ್ತು ಗ್ಲೈಕಾಲ್, ಸೋರಿದರೆ ಕಾರ್ಡಿನ ಜೊತೆ ಮದರ್‌ಬೋರ್ಡೂ ಹೋಗಬಹುದು. ಸಂಜೆ ತನಕ ಟಿಶ್ಯೂ ಒಣಗಿಯೇ ಇತ್ತು.

ಅಮ್ಮನಿಗೆ ಆಗ ಕುತೂಹಲ ಬಂತು. "ಇದಕ್ಕೂ ನಮ್ಮ ಕೂಲರಿನ ಹಾಗೆ ದಿನಾ ನೀರು ತುಂಬಬೇಕೇನೋ?" ಅಂದರು. ಮನೆಯ ಏರ್ ಕೂಲರಿಗೆ ಬಕೆಟ್ಟಲ್ಲಿ ನೀರು ಹೊರುವ ಕೆಲಸ ನನ್ನದೇ, ಅವರ ಪ್ರಶ್ನೆಯಲ್ಲಿ ಆ ಚಿಂತೆಯೂ ಇತ್ತು. ಬೇಡ, ಒಮ್ಮೆ ತುಂಬಿದ್ದು ಒಳಗೇ ಸುತ್ತುತ್ತಿರುತ್ತದೆ ಅಂದೆ. "ಹಂಗಾದ್ರೆ ತಂಪು ಹೆಂಗ್ ಆಗುತ್ತೆ?" ಅಂದರು.

ಸರಿಯಾದ ಪ್ರಶ್ನೆ. ಉತ್ತರ ಕೊಟ್ಟವರು ನಮ್ಮ ಭಾವ. ಅವರು ಕುಡಿತಿನಿಯ ಥರ್ಮಲ್ ಪವರ್ ಸ್ಟೇಷನ್‌ನಲ್ಲಿ ಕೆಲಸ ಮಾಡುತ್ತಾರೆ. ಟೀ ಕುಡಿಯುತ್ತಾ ರೇಡಿಯೇಟರನ್ನು ತಿರುಗಿಸಿ ತಿರುಗಿಸಿ ನೋಡಿದರು. "ನೋಡಪ್ಪಾ, ನಮ್ಮಲ್ಲೂ ಇದೇ ಕೆಲಸ. ಟರ್ಬೈನ್ ದಾಟಿ ಬಂದ ಹಬೆಯ ಬಿಸಿಯನ್ನ ನೀರು ಹೊತ್ಕೊಂಡು ಕೂಲಿಂಗ್ ಟವರ್‌ಗೆ ಹೋಗುತ್ತೆ, ಅಲ್ಲಿ ಗಾಳಿಗೆ ಬಿಟ್ಟು ವಾಪಸ್ ಬರುತ್ತೆ. ಆದ್ರೆ ನಮ್ಮಲ್ಲಿ ಒಂದಿಷ್ಟು ನೀರು ಆವಿಯಾಗಿ ಹೋಗುತ್ತೆ, ಅದಕ್ಕೇ ಚೆನ್ನಾಗಿ ತಣೀತದೆ, ಅದಕ್ಕೇ ದಿನಾ ನೀರೂ ಬೇಕು. ನಿಂದು ಆವಿ ಆಗಲ್ಲ. ಹಂಗಾಗಿ ಇದು ರೂಮಿನ ಗಾಳಿಗಿಂತ ಕೆಳಗೆ ಇಳಿಯೋ ಮಾತೇ ಇಲ್ಲ."

ಅದು ನನಗೆ ಓದಿ ಗೊತ್ತಿದ್ದ ಸಂಗತಿಯೇ, ಆದರೂ ಅಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ. ಮನೆಯ ಕೂಲರ್ ಹುಲ್ಲಿನ ಮೇಲೆ ನೀರು ಸುರಿಸಿ ಆವಿ ಮಾಡುವುದರಿಂದ ಹೊರಗಿನ ಗಾಳಿಗಿಂತ ತಂಪು ಗಾಳಿ ಕೊಡುತ್ತದೆ. ಎಐಒ ಹಾಗಲ್ಲ. ಅಷ್ಟೇ ಗಾತ್ರದ ಗಾಳಿಗೆ ಹೋಲಿಸಿದರೆ ನೀರು ಸುಮಾರು 3,500 ಪಟ್ಟು ಜಾಸ್ತಿ ಶಾಖ ಹೊರುತ್ತದೆ, ಅದರ ಲಾಭ ಇಷ್ಟೇ: ಎರಡು ಸೆಂಟಿಮೀಟರ್ ಚಿಪ್ಪಿನ ಬಿಸಿಯನ್ನು ಬೇಗ ಎತ್ತಿ, ಎರಡು ದೊಡ್ಡ ಫ್ಯಾನು ಇರುವ ಅಗಲವಾದ ರೇಡಿಯೇಟರಿಗೆ ಹರಡುವುದು. ಅಲ್ಲಿಂದ ಮುಂದೆ ಅದೂ ಗಾಳಿ ಕೂಲಿಂಗೇ, ಆ ಗಾಳಿ ನನ್ನ ರೂಮಿನದೇ.

ರಾತ್ರಿ ಎಲ್ಲ ಜೋಡಿಸಿದೆ. ಬೋರಲು ಇಟ್ಟಿದ್ದ ಕಾರ್ಡಿನಿಂದ ಒಂದು ಹೀಟ್‌ಸಿಂಕೂ ಬಿದ್ದಿರಲಿಲ್ಲ. ಪೇಸ್ಟ್ ಚಿಪ್ಪಿನ ಪೂರ್ತಿ ಮೈಗೆ ತೆಳ್ಳಗೆ ಬಳಿದೆ, ಮೂಲೆ ಬಿಡಬಾರದು, ಮೇಲೆ ಮುಚ್ಚಳ ಇಲ್ಲವಲ್ಲ. ಬ್ರಾಕೆಟ್ ಬಿಗಿಯುವಾಗ ಒಂದು ಮೂಲೆ, ಆಮೇಲೆ ಅದರ ಎದುರು ಮೂಲೆ, ಸ್ವಲ್ಪ ಸ್ವಲ್ಪವೇ. ಒಂದೇ ಕಡೆ ಬಿಗಿದರೆ ಚಿಪ್ಪಿನ ಅಂಚು ಒಡೆಯುತ್ತದೆ. ರೇಡಿಯೇಟರನ್ನು ಕ್ಯಾಬಿನೆಟ್ ನೆತ್ತಿಯ ಮೇಲೆ ಹಾಕಿದೆ, ಗಾಳಿ ಮೇಲಕ್ಕೆ ಹೋಗುವ ಹಾಗೆ. ಹಾಗೆ ಹಾಕಿದರೆ ಪಂಪು ಕೆಳಗೆ ಬರುತ್ತದೆ, ನೀರಿನಲ್ಲಿ ಉಳಿದ ಗಾಳಿಗುಳ್ಳೆ ರೇಡಿಯೇಟರಿನಲ್ಲಿ ಮೇಲೆ ಸೇರಿಕೊಳ್ಳುತ್ತದೆ. ಪಂಪೇ ಮೇಲಿದ್ದರೆ ಗುಳ್ಳೆ ಅಲ್ಲಿ ಸಿಕ್ಕಿಕೊಂಡು ಗುಳುಗುಳು ಸದ್ದು ಮಾಡುತ್ತದೆ, ಪಂಪೂ ಬೇಗ ಹಾಳಾಗುತ್ತದೆ. ಶುರುವಿಗೆ ಸ್ವಲ್ಪ ಗುಳುಗುಳು ಇದ್ದೇ ಇತ್ತು, ಕ್ಯಾಬಿನೆಟ್ಟನ್ನು ಆ ಕಡೆ ಈ ಕಡೆ ವಾಲಿಸಿದ ಮೇಲೆ ನಿಂತಿತು.

ರೂಮು 38 ಇದ್ದಾಗ ರೆಂಡರ್ ಹಚ್ಚಿದೆ. ಚಿಪ್ 64 ಡಿಗ್ರಿಗೆ ಹೋಗಿ ನಿಂತಿತು. ವೇಗ 1,900ರ ಮೇಲೆ. ಮೊದಲು 11 ನಿಮಿಷ ತಿನ್ನುತ್ತಿದ್ದ ಒಂದು ಫ್ರೇಮು (ವಿಡಿಯೋದ ಒಂದು ಚಿತ್ರ) 9 ನಿಮಿಷ ಚಿಲ್ಲರೆಗೆ ಮುಗಿಯುತ್ತಿತ್ತು. ಸದ್ದಂತೂ ಎಷ್ಟು ಕಡಿಮೆ ಅಂದರೆ ಸೀಲಿಂಗ್ ಫ್ಯಾನಿನ ಕಿರುಗುಟ್ಟು ನನಗೆ ಆವತ್ತು ಕೇಳಿಸಿತು. ಆಮೇಲೆ ಡಿಸೆಂಬರ್‌ನಲ್ಲಿ ರೂಮು 22 ಇದ್ದಾಗ ಇದೇ ಸೀನಿಗೆ ಚಿಪ್ 47. ಎರಡನ್ನೂ ಕಳೆದು ನೋಡಿ, ರೂಮಿಗಿಂತ ಹೆಚ್ಚುಕಮ್ಮಿ 25 ಡಿಗ್ರಿ ಮೇಲೆ, ಅಷ್ಟೇ. ಯಾರಾದರೂ "ನನ್ನ ಕಾರ್ಡ್ 50 ದಾಟುವುದಿಲ್ಲ" ಅಂತ ಫೋಟೋ ಹಾಕಿದರೆ ಮೊದಲು ಅವರ ಊರು ಯಾವುದು, ಎಸಿ ಇದೆಯಾ ಅಂತ ಕೇಳಬೇಕು. ಚಳಿ ದೇಶದವರ ಅಂಕಿ ನೋಡಿ ನಾವು ಬೇಜಾರು ಮಾಡಿಕೊಳ್ಳುವುದರಲ್ಲಿ ಅರ್ಥ ಇಲ್ಲ.

ಎಲ್ಲ ಲಾಭವೇ ಆಯಿತು ಅಂತಲ್ಲ. ಹಳೆಯ ಬ್ಲೋವರ್ ಗಲಾಟೆ ಮಾಡುತ್ತಿದ್ದರೂ ಬಿಸಿಗಾಳಿಯನ್ನು ಸೀದಾ ಕ್ಯಾಬಿನೆಟ್ ಹೊರಗೆ ತಳ್ಳುತ್ತಿತ್ತು. ಈಗ ವಿಆರ್‌ಎಂ ಮತ್ತು ಮೆಮೊರಿಯ ಬಿಸಿ ಒಳಗೇ ಬೀಳುತ್ತದೆ, ಅದರಿಂದ ಸಿಪಿಯು ನಾಲ್ಕೈದು ಡಿಗ್ರಿ ಏರಿತು. ಕ್ಯಾಬಿನೆಟ್ ಮುಂಭಾಗಕ್ಕೆ ಒಂದು ಫ್ಯಾನು ಹೆಚ್ಚಿಗೆ ಹಾಕಬೇಕಾಯಿತು. ಇನ್ನು ಧೂಳು. ನಮ್ಮ ಕಡೆಯ ಕೆಂಪು ಧೂಳಿನ ಬಗ್ಗೆ ಬಳ್ಳಾರಿ, ಸಂಡೂರಿನವರಿಗೆ ಹೇಳಬೇಕಾಗಿಲ್ಲ. ರೇಡಿಯೇಟರಿನ ತೆಳ್ಳನೆ ರೆಕ್ಕೆಗಳ ಸಂದಿಯಲ್ಲಿ ಅದು ಕೂತರೆ ಬರೀ ಬ್ರಷ್ಷಿಗೆ ಬರುವುದಿಲ್ಲ, ಧೂಳು ಊದುವ ಬ್ಲೋವರ್ ಹಿಡಿಯಬೇಕು. ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ತಡೆದು ಹಿಡಿಯಿರಿ, ಇಲ್ಲದಿದ್ದರೆ ಅದು ಹುಚ್ಚಾಪಟ್ಟೆ ತಿರುಗಿ ಬೇರಿಂಗ್ ಕೆಡುತ್ತದೆ. ಏರ್ ಕೂಲರನ್ನು ಕ್ಯಾಬಿನೆಟ್ ಮುಂದೆ ಇಟ್ಟರೆ ಹೇಗೆ ಅಂತ ಗೆಳೆಯನೊಬ್ಬ ಕೇಳಿದ. ತಂಪೇನೋ ಆಗುತ್ತದೆ, ಆದರೆ ತೇವಕ್ಕೆ ಇದೇ ಧೂಳು ಕೆಸರಾಗಿ ಅಂಟಿಕೊಳ್ಳುತ್ತದೆ. ಬೇಡ.

ಆದರೆ ದೊಡ್ಡ ಸಮಸ್ಯೆ ರೂಮಿನದು. ಕಾರ್ಡ್ ತಣ್ಣಗಾಯಿತು, ರೂಮು ಆಗಲಿಲ್ಲ. ನಿಜ ಹೇಳಬೇಕೆಂದರೆ ಒಂದು ಚೂರು ಜಾಸ್ತಿಯೇ ಬಿಸಿ, ಯಾಕೆಂದರೆ ಕಾರ್ಡ್ ಈಗ ರಾತ್ರಿಯಿಡೀ ಸುಸ್ತಾಗದೆ ದುಡಿಯುತ್ತದೆ. ಕಾರ್ಡಿಗೆ 250 ವಾಟ್, ಉಳಿದದ್ದೆಲ್ಲ ಸೇರಿ ಹತ್ತಿರ ಹತ್ತಿರ 400, ಅದಷ್ಟೂ ಕೊನೆಗೆ ಶಾಖವಾಗಿ ನನ್ನ ತಲೆ ಮೇಲೆಯೇ. ಬಾಗಿಲು ಮುಚ್ಚಿ ಮಲಗಿದರೆ ಬೆಳಗಿನ ಹೊತ್ತಿಗೆ ರೂಮು ಮೂರು ಡಿಗ್ರಿ ಏರಿರುತ್ತಿತ್ತು, ಅದರ ಜೊತೆ ಚಿಪ್ಪೂ ಮೂರು ಡಿಗ್ರಿ ಏರುತ್ತಿತ್ತು.

ಅದಕ್ಕೆ ಕಿಟಕಿಯ ಮೇಲಿನ ವೆಂಟಿಲೇಟರಿಗೆ ಅಡುಗೆಮನೆಯ ಥರದ್ದು ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆ, ಕ್ಯಾಬಿನೆಟ್ಟನ್ನು ಸರಿಯಾಗಿ ಅದರ ಕೆಳಗೆ ಸರಿಸಿದೆ. ರಾತ್ರಿ ಹತ್ತರ ಮೇಲೆ ಬಾಗಿಲು ಸ್ವಲ್ಪ ತೆರೆದು ಅದನ್ನು ಓಡಿಸಿದರೆ ಮೂರು ಡಿಗ್ರಿ ಏರುತ್ತಿದ್ದದ್ದು ಒಂದಕ್ಕೆ ಬಂತು. ರೇಡಿಯೇಟರನ್ನೇ ಕಿಟಕಿಯಾಚೆ ಇಟ್ಟುಬಿಡು ಅಂತ ಭಾವ ಈಗಲೂ ಹೇಳುತ್ತಾರೆ, ಅವರ ಟವರಿನ ಹಾಗೆ. ಮಾತು ಸರಿಯೇ. ಆದರೆ ಎಐಒದ ಪೈಪು ಒಂದು ಮೊಳ ಚಿಲ್ಲರೆ, ಅಷ್ಟು ದೂರ ಮುಟ್ಟುವುದಿಲ್ಲ. ಬೇರೆ ಪಂಪು, ಬ್ಲಾಕು, ಟ್ಯಾಂಕು ತಂದು ಉದ್ದದ ಕಸ್ಟಮ್ ಲೂಪ್ ಮಾಡಲು ಲೆಕ್ಕ ಹಾಕಿದೆ. ಆ ದುಡ್ಡಿಗೆ ಇಂಥದ್ದೇ ಇನ್ನೊಂದು ಸೆಕೆಂಡ್ ಹ್ಯಾಂಡ್ ಕಾರ್ಡ್ ಬರುತ್ತದೆ, ಜೊತೆಗೆ ಇನ್ನೊಂದು 250 ವಾಟ್ ಬಿಸಿಯೂ. ಸದ್ಯಕ್ಕೆ ಎಕ್ಸಾಸ್ಟ್ ಫ್ಯಾನೇ ಸಾಕು ಅಂತ ಬಿಟ್ಟಿದ್ದೇನೆ.